ಥರ್ಟಿ ಫಾರ್ಟಿ ಸೈಟಿನಲ್ಲಿ 15 ಮೀಟರ್

ಹುಲ್ಲು, ಗಿಡಗಂಟಿ ಕತ್ತರಿಸುವ ಮೆಷಿನ್ ಬ್ರಷ್ ಕಟ್ಟರ್. ಅದರ ಜತೆ ಒಂದು ಸಣ್ಣ ಪುಸ್ತಕ ಕೊಡುತ್ತಾರೆ. ಮೆಷಿನ್ ಓಡುವಾಗ ಸುತ್ತ 15 ಮೀಟರ್ ಒಳಗೆ ಯಾರೂ ಇರಬಾರದು ಅಂತ ಆ ಪುಸ್ತಕದಲ್ಲಿದೆ. ಬರೆದ ಪುಣ್ಯಾತ್ಮರು ಬೆಂಗಳೂರು ನೋಡಿದಂತಿಲ್ಲ. 15 ಮೀಟರ್ ಅಂದರೆ ಹತ್ತಿರ ಹತ್ತಿರ 50 ಅಡಿ. ಸೈಟು 30-40. ಹೈಸ್ಕೂಲಿನ ಪೈಥಾಗೊರಸ್ ಲೆಕ್ಕ ಹಾಕಿ ನೋಡಿ, ಮೂಲೆಯಿಂದ ಮೂಲೆಗೆ ಸರಿಯಾಗಿ 50 ಅಡಿ! ಅಂದರೆ ನಾನು ಒಂದು ಮೂಲೆಯಲ್ಲಿ ನಿಂತರೆ ಸೈಟಿನೊಳಗೆ ಒಬ್ಬನೇ ಒಬ್ಬ ಕ್ಷೇಮವಾಗಿರಬಹುದು, ಅದೂ ಎದುರು ಮೂಲೆಯ ಕಲ್ಲಿಗೆ ಅಂಟಿಕೊಂಡು ನಿಂತರೆ.

ಸೈಟು ಅಣ್ಣನದು. ಅಣ್ಣ ಇರುವುದು ಡಲ್ಲಾಸಿನಲ್ಲಿ, ಕಾಂಗ್ರೆಸ್ ಗಿಡ ಇರುವುದು ನಮ್ಮ ಮನೆ ಪಕ್ಕದಲ್ಲಿ. ಮಳೆ ಬಿದ್ದಮೇಲೆ ಅದರ ಜತೆ ಹರಳು ಗಿಡವೂ ಎದ್ದಿತ್ತು. ಹುಲ್ಲಿಗಾದರೆ ಮೆಷಿನ್ನಿನ ತುದಿಯಲ್ಲಿ ಸುತ್ತುವ ನೈಲಾನ್ ದಾರ ಸಾಕು, ಹರಳಿನ ದಂಟಿಗೆ ಕಬ್ಬಿಣದ ಬ್ಲೇಡೇ ಬೇಕು. ತೀರ್ಥಹಳ್ಳಿಯ ಅಡಿಕೆ ತೋಟದಿಂದ ಭಾಮೈದ ಮೆಷಿನ್ ತಂದುಕೊಟ್ಟ. "ಭಾವ, ಬ್ಲೇಡು ಅಪ್ರದಕ್ಷಿಣೆ ಸುತ್ತುತ್ತೆ. ಗಡಿಯಾರದಲ್ಲಿ 12ರಿಂದ 3 ಇದೆಯಲ್ಲ, ಆ ಭಾಗಕ್ಕೆ ಕಲ್ಲು, ಬೊಡ್ಡೆ ತಾಗಿಸಿದಿರೋ ಮೆಷಿನ್ ನಿಮ್ಮನ್ನೂ ಸೇರಿಸಿ ಬಲಕ್ಕೆ ಎಸೆಯುತ್ತೆ. ಬಲದಿಂದ ಎಡಕ್ಕೆ ಬೀಸಿ, ಬ್ಲೇಡಿನ ಎಡಗಡೆಯಿಂದ ಕತ್ತರಿಸಿ" ಅಂದು ಬಸ್ಸು ಹತ್ತಿದ.

ದಾರ ತೆಗೆದು ಬ್ಲೇಡು ಹಾಕುವ ಕೆಲಸಕ್ಕೆ ಎದುರುಮನೆ ಅಂಕಲ್ ಕರೆಯದೇ ಬಂದರು. ಫ್ಯಾಕ್ಟರಿಯಲ್ಲಿದ್ದು ರಿಟೈರ್ ಆದವರು, ಪಾನಾ ಕಂಡರೆ ಸುಮ್ನಿರಲು ಆಗಲ್ಲ. ಎಂಜಿನ್ನಿನ ಸ್ಪಾರ್ಕ್ ಪ್ಲಗ್ಗಿನ ಟೋಪಿ ಕಿತ್ತಿಟ್ಟು, ಗೇರ್ ಬಾಕ್ಸಿನ ತೂತಿಗೆ ಅಲೆನ್ ಕೀ ತೂರಿಸಿ ಬ್ಲೇಡಿನ ಜಾಗ ಅಲುಗಾಡದಂತೆ ಹಿಡಿದೆ. ಅವರು ನಟ್ಟು ತಿರುಗಿಸಿದರು. ಬರಲಿಲ್ಲ. ಪಂಚೆ ಎತ್ತಿ ಕಟ್ಟಿ, ಪಾನಾಕ್ಕೆ ಪೈಪು ಸಿಕ್ಕಿಸಿ, ಕಾಲು ಕೊಟ್ಟು ಒತ್ತಿದರು. ಆ ನಟ್ಟು ಉಲ್ಟಾ ತ್ರೆಡ್ಡಿನದು, ಬ್ಲೇಡು ಸುತ್ತುವಾಗ ತಾನೇ ಸಡಿಲ ಆಗಬಾರದು ಅಂತ ಹಾಗೆ ಮಾಡಿರುತ್ತಾರೆ, ನಮ್ಮ ಅಂಕಲ್ ಅಷ್ಟು ಹೊತ್ತೂ ಅದನ್ನು ಬಿಗಿ ಮಾಡುತ್ತಿದ್ದರು. ಹೇಳಿದೆ. "ಗೊತ್ತು, ಮೊದಲು ಎಷ್ಟು ಟೈಟಿದೆ ನೋಡ್ತಾ ಇದ್ದೆ" ಅಂದರು.

ಶುರು ಮಾಡುವ ಮುಂಚೆ ಗಿಡಗಳೊಳಗೆ ನಡೆದು ಹೆಕ್ಕಬೇಕು. ಬಿಯರ್ ಬಾಟಲಿ, ಎಳನೀರಿನ ಬುರುಡೆ, ಒಂದು ಹೆಲ್ಮೆಟ್ಟು, ಕೇಬಲ್ಲಿನವರು ಬಿಟ್ಟುಹೋದ ಕರಿ ವೈರು. ವೈರೇ ಎಲ್ಲಕ್ಕಿಂತ ಕೆಟ್ಟದ್ದು. ಬ್ಲೇಡಿಗೆ ಸುತ್ತಿಕೊಂಡರೆ ಅದರ ತುದಿ ಚಾಟಿ ಬೀಸಿದಂತೆ ಬರುತ್ತದೆ.

ಆಮೇಲೆ ಬೂಟು, ಮುಖಕ್ಕೆ ಜಾಲರಿ, ಕಿವಿಗೆ ಮಫ್, ಹೆಗಲಿಗೆ ಬೆಲ್ಟು. ಈ ವೇಷ ನೋಡಲು ಜನ ಸೇರಿದರು. ಪಕ್ಕದ ಬೀದಿಯ ಅಜ್ಜಿಯೊಬ್ಬರು ಸೊಳ್ಳೆಗೆ ಹೊಗೆ ಬಿಡುವವನು ಅಂದುಕೊಂಡು, "ನಮ್ಮ ಕಡೆಗೂ ಬಾರಪ್ಪ" ಅಂದರಂತೆ. ಕೈ ಬೀಸಿ ದೂರ ಹೋಗಿ ಅಂದರೆ ಎಲ್ಲರೂ ಎರಡು ಹೆಜ್ಜೆ ಹಿಂದೆ ಹೋಗಿ, ಮೂರು ಹೆಜ್ಜೆ ಮುಂದೆ ಬರುತ್ತಾರೆ. ಮೆಟ್ರೋ ಗುಂಡಿ ನೋಡಿ ಬೆಳೆದ ಊರು, ಯಾರಾದರೂ ಕೆಲಸ ಮಾಡುತ್ತಿದ್ದರೆ ನಿಂತು ನೋಡದೆ ಇರುವುದು ಹೇಗೆ?

ಎಲ್ಲರನ್ನೂ ಮೀರಿಸಿದವನು ಡೆಲಿವರಿ ಹುಡುಗ. ಹಿಂದಿನಿಂದ ಬಂದು ಭುಜ ತಟ್ಟಿದ! ಕಿವಿ ಮುಚ್ಚಿದವನ ಭುಜ ತಟ್ಟಿದರೆ ಅವನು ತಿರುಗುತ್ತಾನೆ, ಅವನ ಜತೆ ಬ್ಲೇಡೂ ತಿರುಗುತ್ತದೆ. ಆಕ್ಸಿಲರೇಟರ್ ಬಿಟ್ಟ ತಕ್ಷಣ ಅದು ನಿಲ್ಲುವುದೂ ಇಲ್ಲ. ಪುಣ್ಯಕ್ಕೆ ನಾನು ತಿರುಗಲಿಲ್ಲ. ಮೆಷಿನ್ ಆಫ್ ಮಾಡಿ, ಬ್ಲೇಡು ಪೂರ್ತಿ ನಿಂತಮೇಲೆ ಕತ್ತು ಹೊರಳಿಸಿದೆ. "ಸರ್, ಫೋರ್ತ್ ಕ್ರಾಸ್ ಇದೇನಾ?" ಅಂದ. ಅಲ್ಲ, ಅದು ಹಿಂದಿನ ರಸ್ತೆ.

ಕೊನೆಗೆ ಅಂಕಲ್ಲೇ ಜನರನ್ನು ಚದುರಿಸಿ, ತಾವೂ ತಮ್ಮ ಟೆರೇಸಿಗೆ ಹೋದರು. ಅಳೆದರೆ 15 ಮೀಟರ್‌ಗಿಂತ ಜಾಸ್ತಿಯೇ. ಕೆಲಸ ಮುಗಿಸಿ ಫೋನು ತೆಗೆದರೆ ಬರೀ ಅವರದೇ ಮಿಸ್ಡ್ ಕಾಲ್. ಜತೆಗೆ ಮೇಲಿನಿಂದ ತೆಗೆದ ಒಂದು ಫೋಟೋ, ಮೂಲೆಯಲ್ಲಿ ಉಳಿದ ಗಿಡಕ್ಕೆ ಕೆಂಪು ಗೆರೆಯ ಸುತ್ತು. "ಇಲ್ಲಿ ಬಿಟ್ಟಿದ್ದೀರಿ."

"ಬೇಕಂತಲೇ ಬಿಟ್ಟಿದ್ದು ಅಂಕಲ್, ಅಲ್ಲಿ ಸೈಟಿನ ಕಲ್ಲಿದೆ, ಬ್ಲೇಡು ಹಾಕುವ ಹಾಗಿಲ್ಲ" ಅಂತ ಬರೆದೆ.

"ಕುಡುಗೋಲು ನಮ್ಮನೇಲಿದೆ. ಕಾಫಿನೂ ಆಗಿದೆ. ಬಂದು ತಗೊಂಡು ಹೋಗಿ, ಬೂಟು ಹೊರಗೆ ಬಿಡಿ."