ಯಜಮಾನಿಗೆ ಕೆಲಸವಿಲ್ಲ

‘ಆಳು ಮಾಡಿದ್ದು ಹಾಳು, ಮಗ ಮಾಡಿದ್ದು ಮಧ್ಯಮ, ತಾನು ಮಾಡಿದ್ದು ಉತ್ತಮ’ ಎಂಬ ಗಾದೆ ಕಟ್ಟಿದ ಪುಣ್ಯಾತ್ಮರಿಗೆ ದಿನಕ್ಕೆ ನಲವತ್ತು ಕಿಲೋ ಸಾರಿನ ಪುಡಿ ಮಾಡುವ ಪ್ರಸಂಗ ಬಂದಿರಲಿಕ್ಕಿಲ್ಲ. ಬಂದಿದ್ದರೆ ಗಾದೆಯ ಕೊನೆಯ ಭಾಗವನ್ನು ಅವರೇ ಅಳಿಸಿಹಾಕುತ್ತಿದ್ದರು. ಮೊದಲ ಭಾಗವನ್ನೂ ಅಳಿಸಬೇಕಾಗುತ್ತಿತ್ತು. ಈ ಕಾಲದಲ್ಲಿ ಕೆಲಸಕ್ಕೆ ಜನ ಸಿಕ್ಕುವುದೇ ದುರ್ಲಭ. ಸಿಕ್ಕವರನ್ನು ‘ಆಳು’ ಎಂದರೆ ಮರುದಿನ ಬರುವುದಿಲ್ಲ. ಮಗನ ವಿಷಯದಲ್ಲಿ ಮಾತ್ರ ಗಾದೆ ಉದಾರವಾಗಿದೆ. ನನ್ನ ಮಗ ನಮ್ಮ ಉದ್ಯಮಕ್ಕೆ ಮಾಡಿದ ಏಕೈಕ ಸೇವೆಯೆಂದರೆ ಒಂದು ರಜೆಯಲ್ಲಿ ಪೊಟ್ಟಣಗಳಿಗೆ ಚೀಟಿ ಅಂಟಿಸಿದ್ದು, ಅದೂ ತಲೆಕೆಳಗಾಗಿ. ಅದನ್ನು ಮಧ್ಯಮ ಎನ್ನಲು ತಾಯಿಯ ಹೃದಯವೂ ಒಪ್ಪುವುದಿಲ್ಲ.

ಈ ಉದ್ಯಮ ಶುರುವಾದದ್ದು ಮೈಸೂರಿನ ನಮ್ಮ ಮನೆಯ ಅಡುಗೆಮನೆಯಲ್ಲಿ, ಅಮೆರಿಕಕ್ಕೆ ಹೊರಟ ನೆಂಟರ ಕೃಪೆಯಿಂದ. ವಿಮಾನದವರು ಒಂದು ಸೂಟ್‌ಕೇಸಿಗೆ 23 ಕಿಲೋ ಬಿಡುತ್ತಾರೆ. ಅದರಲ್ಲಿ ಐದಾರು ಕಿಲೋ ಸಾರಿನ ಪುಡಿ, ಹುಳಿಪುಡಿ, ಚಟ್ನಿಪುಡಿಗಳಿಗೆ ಮೀಸಲು ಎಂಬುದು ಮೈಸೂರಿನ ಅಲಿಖಿತ ಕಾನೂನು. ನೆಂಟರಿಂದ ನೆಂಟರ ನೆಂಟರಿಗೆ, ಅವರಿಂದ ಅಂಗಡಿಗಳಿಗೆ ಹರಡಿ, ಅಡುಗೆಮನೆಯಿಂದ ಹಿತ್ತಲಿನ ಶೆಡ್ಡಿಗೆ ಬಂದೆವು. ಈಗ ನಾವು ಒಂಬತ್ತು ಜನ. ಒಂಬತ್ತಕ್ಕೇ ನಿಂತದ್ದಕ್ಕೆ ನವಗ್ರಹಗಳ ಕಾರಣವೇನೂ ಇಲ್ಲ. ಹತ್ತು ಜನರಾದರೆ ಇಎಸ್‌ಐ ಎಂಬ ನೌಕರರ ವಿಮೆ ಬರುತ್ತದೆ, ಇಪ್ಪತ್ತಾದರೆ ಪಿಎಫ್ ಎಂಬ ಭವಿಷ್ಯನಿಧಿ ಬರುತ್ತದೆ ಎಂದು ಆಡಿಟರು ಹೇಳಿದ್ದರಿಂದ ಹತ್ತನೆಯವರ ಬಗ್ಗೆ ಯೋಚಿಸುವಾಗಲೆಲ್ಲ ನಾನು ಸ್ವಲ್ಪ ಹೊತ್ತು ಕಣ್ಣು ಮುಚ್ಚಿಕೊಳ್ಳುತ್ತೇನೆ.

ನನ್ನ ಮೊದಲ ತೊಡಕು ವಯಸ್ಸಿನದು. ಶೆಡ್ಡಿನಲ್ಲಿರುವ ಹೆಚ್ಚಿನವರು ನನಗಿಂತ ಹಿರಿಯರು. ಹುರಿಯುವವರು ಅಕ್ಕ, ತೂಕ ಮಾಡುವವರು ಚಿಕ್ಕಮ್ಮ, ಮೆಣಸಿನಕಾಯಿಯ ತೊಟ್ಟು ಬಿಡಿಸುವವರಂತೂ ಅಜ್ಜಿ. ಗಿರಣಿಯ ಹುಡುಗ ಮತ್ತು ಲೆಕ್ಕದ ಹುಡುಗಿ ಇಬ್ಬರೇ ಕಿರಿಯರು. ಅವರಿಗೂ ನನಗಿಂತ ಲೋಕಾನುಭವ ಹೆಚ್ಚು. ಅಕ್ಕ ಎಂದು ಕರೆದ ಬಾಯಿಯಲ್ಲೇ ‘ಯಾಕೆ ತಡ?’ ಎಂದು ಗದರಿಸುವುದು ಹೇಗೆ? ನಾನು ‘ಅಕ್ಕ, ಇವತ್ತು ಸ್ವಲ್ಪ ತಡವಾಯಿತೇನೋ’ ಎಂದು ಗೋಡೆಯ ಗಡಿಯಾರದ ಕಡೆಗೆ ತಿರುಗಿ ಹೇಳುತ್ತೇನೆ. ಅಕ್ಕನೂ ಗಡಿಯಾರವನ್ನು ನೋಡಿ ‘ಹೌದು, ಅದಕ್ಕೆ ಸೆಲ್ ಹಾಕಬೇಕು’ ಎನ್ನುತ್ತಾರೆ. ಗಿರಾಕಿಗಳ ಮುಂದೆ ಎಲ್ಲರೂ ನನ್ನನ್ನು ‘ಮೇಡಂ’ ಎನ್ನುತ್ತಾರೆ. ಗಿರಾಕಿ ಗೇಟು ದಾಟಿದ ಕೂಡಲೇ ‘ಏನಮ್ಮ, ತಿಂಡಿ ತಿಂದೆಯಾ?’

ಹುರಿಯುವ ಅಕ್ಕನ ವಿಷಯ ಹೇಳಲೇಬೇಕು. ಸಾರಿನ ಪುಡಿಯ ಜೀವ ಇರುವುದೇ ಹುರಿಯುವುದರಲ್ಲಿ. ಕೊತ್ತಂಬರಿ ಬೀಜ, ಜೀರಿಗೆ, ಮೆಣಸು, ಮೆಂತ್ಯ, ಒಂದೊಂದನ್ನೂ ಬೇರೆಬೇರೆಯಾಗಿ ಹುರಿಯಬೇಕು, ಒಂದೊಂದರ ಹದವೂ ಬೇರೆ. ಮೆಂತ್ಯ ಒಂದು ಕ್ಷಣ ಹೆಚ್ಚು ಕೆಂಪಾದರೆ ಇಡೀ ಪುಡಿ ಕಹಿ. ಬಿಸಿಬಿಸಿಯಾಗಿಯೇ ಗಿರಣಿಗೆ ಹಾಕಿದರೆ ಬೆವರಿ ಗಂಟು ಕಟ್ಟುತ್ತದೆ. ಇದೆಲ್ಲವನ್ನೂ ವ್ಯವಸ್ಥಿತಗೊಳಿಸುವ ಉಮೇದಿನಲ್ಲಿ ನಾನು ಉಷ್ಣತೆ ಅಳೆಯುವ ಪಿಸ್ತೂಲಿನಂಥ ಉಪಕರಣವೊಂದನ್ನು ತಂದೆ. ಅಕ್ಕ ಅದನ್ನು ತಿರುಗಿಸಿ ನೋಡಿ, ಮೊದಲು ನನ್ನ ಹಣೆಗೆ ಹಿಡಿದು, ‘ಜ್ವರ ಇಲ್ಲ’ ಎಂದು ಹೇಳಿ ಕಪಾಟಿನಲ್ಲಿಟ್ಟರು. ಅವರು ಬಾಣಲೆಗೆ ಬೆನ್ನು ಹಾಕಿ ನಿಂತು ಮಾತನಾಡುತ್ತಿರುತ್ತಾರೆ. ಇದ್ದಕ್ಕಿದ್ದಂತೆ ಮಾತು ನಿಲ್ಲಿಸಿ ಮೂಗೆತ್ತಿ ಒಲೆ ಆರಿಸುತ್ತಾರೆ. ನಾನು ನಿಂತು ಇದನ್ನು ಗಮನಿಸಿ ಪುಸ್ತಕದಲ್ಲಿ ಬರೆದುಕೊಂಡೆ: ‘ಕೊತ್ತಂಬರಿ: ಅಕ್ಕ ಮಾತು ನಿಲ್ಲಿಸುವವರೆಗೆ.’ ನಮ್ಮ ಉತ್ಪಾದನಾ ಕೈಪಿಡಿಯಲ್ಲಿ ಈಗಲೂ ಇರುವುದು ಅದೊಂದೇ ಸಾಲು.

ಇಂಥ ಪರಿಸ್ಥಿತಿಯಲ್ಲಿ ಹೋಟೆಲೊಂದರ ತಣ್ಣನೆಯ ಸಭಾಂಗಣದಲ್ಲಿ ಸಣ್ಣ ಉದ್ಯಮಿಗಳಿಗಾಗಿ ನಾಯಕತ್ವದ ತರಬೇತಿ ನಡೆಯಿತು. ಹೋದೆ. ಟೈ ಕಟ್ಟಿದ ತರಬೇತುದಾರರು ಲಿಜ್ಜತ್ ಹಪ್ಪಳದ ಕಥೆ ಹೇಳಿದರು. 1959ರಲ್ಲಿ ಮುಂಬೈಯ ಗಿರ್ಗಾಂವ್‌ನಲ್ಲಿ ಏಳು ಮಂದಿ ಮಹಿಳೆಯರು 80 ರೂಪಾಯಿ ಸಾಲ ತಂದು ಮನೆಯ ಮಹಡಿಯ ಮೇಲೆ ಹಪ್ಪಳ ಲಟ್ಟಿಸಲು ಕೂತರಂತೆ. ಇಂದು ಸಾವಿರಾರು ಮಹಿಳೆಯರು, ಎಲ್ಲರೂ ಒಡತಿಯರೇ. ನನಗೆ ರೋಮಾಂಚನವಾಯಿತು. ಮರುದಿನ ಶೆಡ್ಡಿನಲ್ಲಿ ಎಲ್ಲರನ್ನೂ ಕೂಡಿಸಿ ಅದೇ ಕಥೆಯನ್ನು ಕೈ ಬೀಸಿ ಹೇಳಿದೆ. ಲೆಕ್ಕದ ಹುಡುಗಿ ಗಮನವಿಟ್ಟು ಕೇಳಿ, ‘ಒಳ್ಳೆಯ ವಿಚಾರ ಮೇಡಂ. ನಮ್ಮ ಪಾಲು ಎಷ್ಟೆಷ್ಟು?’ ಎಂದಳು. ಕಥೆಯ ಈ ಭಾಗಕ್ಕೆ ನಾನು ತಯಾರಾಗಿರಲಿಲ್ಲ. ಕಾಫಿ ತರಿಸಿದೆ.

ಅದೇ ತರಬೇತಿಯಲ್ಲಿ ಕಲಿತ ಇನ್ನೊಂದು ವಿದ್ಯೆ, ಸ್ಯಾಂಡ್‌ವಿಚ್ ಪದ್ಧತಿ. ಯಾರದಾದರೂ ತಪ್ಪು ಹೇಳಬೇಕಾದರೆ ಮೊದಲು ಒಂದು ಹೊಗಳಿಕೆ, ನಡುವೆ ತಪ್ಪು, ಕೊನೆಗೆ ಮತ್ತೊಂದು ಹೊಗಳಿಕೆ. ತೂಕದ ಚಿಕ್ಕಮ್ಮ ಪ್ರತಿ ಪೊಟ್ಟಣಕ್ಕೂ ಒಂದು ಚಿಟಿಕೆ ಹೆಚ್ಚು ಹಾಕುತ್ತಾರೆ. ‘ಪಾಪ, ದುಡ್ಡು ಕೊಟ್ಟು ತೆಗೆದುಕೊಳ್ಳುತ್ತಾರೆ’ ಎಂಬುದು ಅವರ ನ್ಯಾಯ. ಅವರ ಮೇಲೆ ಪ್ರಯೋಗಿಸಿದೆ. ‘ಚಿಕ್ಕಮ್ಮ, ನಿಮ್ಮ ಕೈ ಎಷ್ಟು ಚುರುಕು! ತೂಕ ಮಾತ್ರ ತುಸು ಹೆಚ್ಚಾಗುತ್ತಿದೆ. ಆದರೆ ನಿಮ್ಮ ಹಾಗೆ ಸ್ವಚ್ಛವಾಗಿ ಕೆಲಸ ಮಾಡುವವರಿಲ್ಲ.’ ಚಿಕ್ಕಮ್ಮನ ಮುಖ ಅರಳಿತು. ಸಂಜೆಯೊಳಗೆ ಈ ಸುದ್ದಿ ಶೆಡ್ಡನ್ನೆಲ್ಲ ಸುತ್ತಿ, ನಾನು ಚಿಕ್ಕಮ್ಮನನ್ನು ಎರಡು ಸಲ ಹೊಗಳಿದ್ದು ಎಲ್ಲರಿಗೂ ತಿಳಿಯಿತು. ನಡುವಿನದು ಯಾರಿಗೂ ತಲುಪಲಿಲ್ಲ. ಹೊಗಳಿಸಿಕೊಳ್ಳದ ಅಜ್ಜಿ ಮರುದಿನ ಮುನಿಸಿಕೊಂಡು ಬರಲಿಲ್ಲ. ಚಿಟಿಕೆ ಎರಡಾಯಿತು.

ವಾಟ್ಸ್‌ಆ್ಯಪ್ ಗುಂಪಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎಲ್ಲರ ಗುಂಪೂ ಒಂದೇ ತರಹ. ‘ನಾಳೆ ಬ್ಯಾಡಗಿ ಮೂಟೆ ಬರುತ್ತದೆ, ಯಾರಾದರೂ ಎಂಟಕ್ಕೆ ಬನ್ನಿ’ ಎಂದು ಹಾಕಿದರೆ ಎಂಟು ಹೆಬ್ಬೆರಳುಗಳು ಮೇಲೇಳುತ್ತವೆ. ಮರುದಿನ ಎಂಟಕ್ಕೆ ಗೇಟಿನ ಬಳಿ ನಾನು ಮತ್ತು ಲಾರಿಯವನು ಮಾತ್ರ. ರಿಂಗೆಲ್‌ಮನ್ ಎಂಬ ಫ್ರೆಂಚ್ ಕೃಷಿ ಎಂಜಿನಿಯರ್ ಹಿಂದೆಯೇ ಜನರಿಂದ ಹಗ್ಗ ಎಳೆಸಿ ಇದನ್ನು ಅಳೆದು, 1913ರಲ್ಲಿ ಪ್ರಕಟಿಸಿದ್ದ. ಎಂಟು ಜನ ಒಟ್ಟಿಗೆ ಎಳೆದಾಗ ಒಬ್ಬೊಬ್ಬರ ಬಲ ಅವರು ಒಂಟಿಯಾಗಿ ಎಳೆದಾಗಿನ ಸುಮಾರು ಅರ್ಧಕ್ಕೆ ಇಳಿದಿತ್ತಂತೆ. ಪುಣ್ಯವಂತ. ಅವನವರು ಅರ್ಧವಾದರೂ ಎಳೆದಿದ್ದರು. ‘ಯಾರಾದರೂ’ ಎಂಬುದನ್ನು ತೆಗೆದು ಹೆಸರು ಹಿಡಿದು ಕರೆಯಲು ಶುರು ಮಾಡಿದ ಮೇಲೆ ಮೂಟೆ ಇಳಿಯುತ್ತಿದೆ. ಆದರೆ ಹೆಸರು ಬಿಟ್ಟುಹೋದವರು ಬೇಸರಿಸಿಕೊಳ್ಳುತ್ತಾರೆ, ಮದುವೆಯ ಕರೆಯೋಲೆಯಲ್ಲಿ ಬಿಟ್ಟುಹೋದ ಹಾಗೆ.

ಇನ್ನು ಗುಟ್ಟಿನ ಕಥೆ. ಕೆಲಸ ಹಂಚುವುದಕ್ಕೆ ನಾನು ಹಿಂಜರಿದವಳಲ್ಲ. ಅಳತೆಯನ್ನು ಮಾತ್ರ ಬಿಟ್ಟುಕೊಡಲಿಲ್ಲ. ಅದು ನಮ್ಮ ಅಜ್ಜಿಯದು, ಮೂರು ತಲೆಮಾರಿನದು. ಹಾಗಾಗಿ ಬೆಳಗ್ಗೆ ಯಾರೂ ಬರುವ ಮೊದಲೇ ಶೆಡ್ಡಿನ ಬಾಗಿಲು ಹಾಕಿಕೊಂಡು, ಎಲ್ಲವನ್ನೂ ತೂಗಿ, ‘ಅ’, ‘ಆ’, ‘ಇ’, ‘ಈ’ ಎಂದು ಗುರುತು ಹಾಕಿದ ಡಬ್ಬಿಗಳಿಗೆ ತುಂಬಿಡುತ್ತಿದ್ದೆ. ಉಳಿದವರು ಡಬ್ಬಿ ಸುರಿಯುವುದು ಮಾತ್ರ. ಬಹಳ ದೊಡ್ಡ ಕಂಪನಿಗಳಲ್ಲಿ ಹೀಗೆಯೇ ಮಾಡುತ್ತಾರೆಂದು ಎಲ್ಲೋ ಓದಿದ್ದೆ. ಆ ಕಂಪನಿಗಳ ಡಬ್ಬಿಯಲ್ಲಿ ಏನಿರುತ್ತದೋ ತಿಳಿಯದು. ನನ್ನ ‘ಇ’ ಡಬ್ಬಿಯಲ್ಲಿದ್ದದ್ದು ಇಂಗು. ಇಂಗನ್ನು ಬಚ್ಚಿಟ್ಟು ಗುಟ್ಟು ಕಾಪಾಡಲು ಹೊರಟವರು ಜಗತ್ತಿನಲ್ಲಿ ಇನ್ನೊಬ್ಬರಿರಲಾರರು.

ಒಂದು ದಿನ ಕಾಫಿಯ ಹೊತ್ತಿನಲ್ಲಿ ಲೆಕ್ಕದ ಹುಡುಗಿ ‘ಮೇಡಂ, ಸೋಮವಾರದಿಂದ ಜೀರಿಗೆ ಕಡಿಮೆ ಹಾಕುತ್ತಿದ್ದೀರಾ?’ ಎಂದಳು. ನನ್ನ ಲೋಟ ಅರ್ಧದಲ್ಲೇ ನಿಂತಿತು. ಅವಳ ವಿವರಣೆ ಸರಳವಾಗಿತ್ತು. ತಿಂಗಳಿಗೆ ಎಷ್ಟು ಜೀರಿಗೆ ಬಂತು ಎಂಬ ಬಿಲ್ಲು ಅವಳ ಬಳಿ ಇದೆ, ಎಷ್ಟು ಪುಡಿ ಹೋಯಿತು ಎಂಬ ಲೆಕ್ಕವೂ ಅವಳ ಬಳಿ ಇದೆ. ಒಂದನ್ನು ಇನ್ನೊಂದರಿಂದ ಭಾಗಿಸಿದರೆ ನಮ್ಮ ಅಜ್ಜಿ ಹೊರಗೆ ಬರುತ್ತಾರೆ, ಮೂರು ದಶಮಾಂಶ ಸ್ಥಾನಗಳವರೆಗೆ. ಅಕ್ಕ ನಡುವೆ ಬಾಯಿ ಹಾಕಿ, ‘ಅದಕ್ಕೆ ಭಾಗಾಕಾರ ಯಾಕೆ, ಪೊಟ್ಟಣದ ಮೇಲೆಯೇ ಇದೆಯಲ್ಲ’ ಎಂದರು. ನಿಜ. ಸಾಮಗ್ರಿಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಪೊಟ್ಟಣದ ಮೇಲೆ ಅಚ್ಚು ಹಾಕಬೇಕೆಂಬುದು ಆಹಾರ ಸುರಕ್ಷತೆಯ ನಿಯಮ. ಮೂರು ತಲೆಮಾರಿನ ಗುಟ್ಟಿನ ಅರ್ಧಭಾಗವನ್ನು ನಾನೇ ದುಡ್ಡು ಕೊಟ್ಟು ಅಚ್ಚು ಹಾಕಿಸಿ, ಅಂಗಡಿ ಅಂಗಡಿಗೂ ಹಂಚಿ, ಮಿಕ್ಕ ಅರ್ಧಕ್ಕಾಗಿ ನಸುಕಿನಲ್ಲಿ ಏಳುತ್ತಿದ್ದೆ. ಮರುದಿನದಿಂದ ಅಳತೆಯ ಕೆಲಸ ಚಿಕ್ಕಮ್ಮನದಾಯಿತು. ಡಬ್ಬಿಗಳ ಗುರುತು ಹಾಗೆಯೇ ಇದೆ. ‘ಇ ಎಂದರೆ ಇಂಗು ಎಂದು ಹೊಸಬರಿಗೂ ತಿಳಿಯುತ್ತದೆ, ಒಳ್ಳೆಯ ಉಪಾಯ’ ಎಂದು ಮೆಚ್ಚಿಕೊಂಡರು.

ನಮ್ಮವರು ರಜೆ ಕೇಳುವುದಿಲ್ಲ, ತಿಳಿಸುತ್ತಾರೆ. ಆಷಾಢ ಶುಕ್ರವಾರ ಚಾಮುಂಡಿ ಬೆಟ್ಟ, ನಂಜನಗೂಡಿನ ದೊಡ್ಡ ಜಾತ್ರೆ, ಪಿತೃಪಕ್ಷ, ಇವೆಲ್ಲ ನನಗೆ ಬಾಯಿಪಾಠ. ಆದರೆ 2023ರ ಜೂನ್ 11ರಂದು ಸರ್ಕಾರ ಶಕ್ತಿ ಯೋಜನೆ ತಂದು ಹೆಂಗಸರಿಗೆ ಸಾಮಾನ್ಯ ಬಸ್ಸುಗಳಲ್ಲಿ ಉಚಿತ ಪ್ರಯಾಣ ಕೊಟ್ಟಾಗ ನನ್ನ ಪಂಚಾಂಗ ಕೈಕೊಟ್ಟಿತು. ಯೋಜನೆಯನ್ನು ನಾನು ಮನಸಾರೆ ಒಪ್ಪುತ್ತೇನೆ. ಮಂಡ್ಯ ದಾಟಿ ನೋಡದಿದ್ದ, ತೊಟ್ಟು ಬಿಡಿಸುವ ಅಜ್ಜಿ ಧರ್ಮಸ್ಥಳ ನೋಡಿ ಬಂದದ್ದು ಅದರಿಂದಲೇ. ಆದರೆ ಎಲ್ಲರೂ ಒಂದೇ ಬಸ್ಸಿನಲ್ಲಿ ಹೋಗಬೇಕಿತ್ತೇ? ಹೋಟೆಲೊಂದಕ್ಕೆ ಸೋಮವಾರ ಹತ್ತು ಕಿಲೋ ಕೊಡಬೇಕಿತ್ತು. ಶೆಡ್ಡಿನಲ್ಲಿ ಉಳಿದವರು ನಾನು ಮತ್ತು ಗಿರಣಿಯ ಹುಡುಗ.

ಅಂದು ಗಾದೆಯ ಮೂರನೆಯ ಭಾಗದ ಪರೀಕ್ಷೆ ನಡೆಯಿತು. ಕಪಾಟಿನಿಂದ ಉಷ್ಣಮಾಪಕ ತೆಗೆದೆ. ಸೆಲ್ ಇರಲಿಲ್ಲ, ಗಡಿಯಾರಕ್ಕೆ ಹೋಗಿತ್ತು. ಕೊತ್ತಂಬರಿ ಹೇಗೋ ಆಯಿತು. ಬ್ಯಾಡಗಿ ಖಾರ ಕಡಿಮೆ, ಬಣ್ಣ ಹೆಚ್ಚು, ಏನೂ ಮಾಡುವುದಿಲ್ಲ. ಆದರೆ ಅದಕ್ಕೆ ಜೊತೆಯಾಗಿ ಹಾಕುವ ಗುಂಟೂರು ಹಾಗಲ್ಲ. ಬಾಣಲೆಗೆ ಬಿದ್ದ ಎರಡು ನಿಮಿಷದಲ್ಲಿ ನಮ್ಮ ಬೀದಿಯವರೆಲ್ಲ ಕೆಮ್ಮುತ್ತಾ ಹೊರಗೆ ಬಂದು ಒಬ್ಬರನ್ನೊಬ್ಬರು ಕ್ಷೇಮ ವಿಚಾರಿಸಿದರು. ಕಣ್ಣೀರು ಒರೆಸಿಕೊಳ್ಳುತ್ತಿರುವಾಗ ಮೆಂತ್ಯ ತನ್ನ ಕೆಲಸ ಮುಗಿಸಿತ್ತು. ಗಿರಣಿಯ ಹುಡುಗ ರುಚಿ ನೋಡಿ, ‘ಸಕ್ಕರೆ ಕಾಯಿಲೆಯವರಿಗೆ ಒಳ್ಳೆಯದು ಮೇಡಂ’ ಎಂದ.

ಪ್ರಸಾದದ ಪೊಟ್ಟಣದೊಂದಿಗೆ ಹಿಂದಿರುಗಿದ ಅಕ್ಕ ಬಾಗಿಲಲ್ಲೇ ನಿಂತು ಮೂಗೆತ್ತಿದರು. ‘ಯಾರು ಹುರಿದದ್ದು?’ ಹುಡುಗ ನನ್ನನ್ನು ನೋಡಿದ. ನಾನು ಗಡಿಯಾರವನ್ನು ನೋಡಿದೆ. ಅಕ್ಕ ಒಳಗೆ ಬಂದು, ಪುಡಿಯನ್ನು ಬೆರಳಿನಿಂದ ತೆಗೆದು ನಾಲಿಗೆಗೆ ಹಚ್ಚಿಕೊಂಡು, ಬಹಳ ಮೆತ್ತಗೆ ಹೇಳಿದರು: ‘ಮೇಡಂ, ಕೊತ್ತಂಬರಿ ಎಷ್ಟು ಚೆನ್ನಾಗಿ ಹುರಿದಿದ್ದೀರಿ! ಮೆಂತ್ಯ ಪೂರ್ತಿ ಸೀದುಹೋಗಿದೆ, ಇದನ್ನು ಯಾರೂ ತಿನ್ನುವ ಹಾಗಿಲ್ಲ. ಆದರೆ ಈ ಸೀರೆ ನಿಮಗೆ ತುಂಬಾ ಒಪ್ಪುತ್ತದೆ.’

ಅವರು ರಾತ್ರಿ ಕೂತು ಹೊಸದಾಗಿ ಹತ್ತು ಕಿಲೋ ಮಾಡಿದರು. ನಾನು ಬಾಣಲೆಯ ಹತ್ತಿರ ಹೋಗುವುದು ಅಂದಿಗೆ ಮುಗಿಯಿತು. ಒಂದೊಂದಾಗಿ ಉಳಿದವೂ ಹೋದವು. ನಮ್ಮ ದೂರದ ನೆಂಟರೊಬ್ಬರು ಅಡುಗೆ ಕಂಟ್ರಾಕ್ಟರು, ಎರಡು ಮದುವೆ ಸೀಸನ್ನಿನ ಬಾಕಿ ಇಟ್ಟುಕೊಂಡು ಮೂರನೆಯದಕ್ಕೆ ಪುಡಿ ಕೇಳಲು ಬಂದಾಗ ನಾನು ಒಳಗೆ ಕೂತು ಹೇಗೆ ಇಲ್ಲವೆನ್ನಲಿ ಎಂದು ಒದ್ದಾಡುತ್ತಿದ್ದೆ. ಹೊರಗೆ ಲೆಕ್ಕದ ಹುಡುಗಿ ಬಾಕಿಯ ಚೀಟಿ ಕೈಗಿತ್ತು, ನೀರು ಕೊಟ್ಟು, ಕಳಿಸಿಯೇಬಿಟ್ಟಿದ್ದಳು. ಅವರು ಹಣ ಕಟ್ಟಿದರು. ನೆಂಟಸ್ತಿಕೆಯೂ ಕೆಡಲಿಲ್ಲ, ‘ಆ ಹುಡುಗಿ ಬಲು ಗಟ್ಟಿ, ನೀನೇ ಪಾಪ’ ಎಂದು ಮುಂದಿನ ಮದುವೆಯಲ್ಲಿ ನನ್ನನ್ನು ಸಂತೈಸಿದರು. ಈಗ ನನ್ನ ಪಾಲಿಗಿರುವುದು ಆಡಿಟರ ಕಚೇರಿ, ಗ್ಯಾಸ್ ಸಿಲಿಂಡರು ಮತ್ತು ಕಾಫಿ.

ಮೊನ್ನೆ ಕೊನೆಗೂ ಹತ್ತನೆಯವರನ್ನು ಸೇರಿಸಿಕೊಳ್ಳುವುದೆಂದು ಅವರೆಲ್ಲ ತೀರ್ಮಾನಿಸಿದರು. ಸಂದರ್ಶನಕ್ಕೆ ಹುಡುಗಿಯೊಬ್ಬಳು ಬಂದಳು. ಅಕ್ಕ ಮೂರು ಬಟ್ಟಲು ಮುಂದಿಟ್ಟು ಕಣ್ಣು ಮುಚ್ಚಿಸಿ ಮೂಸಿಸಿದರು, ಚಿಕ್ಕಮ್ಮ ತಕ್ಕಡಿ ಹಿಡಿಸಿದರು, ಲೆಕ್ಕದ ಹುಡುಗಿ ಭಾಗಾಕಾರ ಕೊಟ್ಟಳು. ಮೂವರೂ ಒಳಗೆ ಸಮಾಲೋಚನೆಗೆ ಹೋದಾಗ ನಾನು ಕಾಫಿ ತಂದುಕೊಟ್ಟೆ. ಹುಡುಗಿ ಲೋಟ ತೆಗೆದುಕೊಂಡು, ಸುತ್ತ ನೋಡಿ, ದನಿ ತಗ್ಗಿಸಿದಳು.

‘ಅಕ್ಕ, ಇಲ್ಲಿ ಸಂಬಳ ಸರಿಯಾಗಿ ಕೊಡುತ್ತಾರಾ?’

‘ಎಲ್ಲರಿಗೂ ಒಂದನೇ ತಾರೀಕು ಬರುತ್ತದೆ’ ಎಂದೆ. ‘ನನಗೆ ಮಾತ್ರ ಎಲ್ಲರಿಗೂ ಕೊಟ್ಟು ಉಳಿದರೆ.’

ಅವಳು ಮರುಕದಿಂದ ನನ್ನನ್ನು ನೋಡಿದಳು. ‘ಇಷ್ಟು ಒಳ್ಳೆಯ ಕಾಫಿ ಮಾಡುತ್ತೀರಿ, ಬೇರೆ ಕಡೆ ಪ್ರಯತ್ನಿಸಬಾರದೇ?’