ನೀವೇ ಹಿಡೀರಿ ಸರ್

ನಮ್ಮ ಆಫೀಸಿನ ಕ್ರಿಕೆಟ್ ಟೀಮಿನ ಬ್ಯಾಟಿಂಗ್ ಆರ್ಡರ್ ಗೊತ್ತಾಗಬೇಕಾದರೆ ಹಾಜರಿ ಪುಸ್ತಕ ತೆಗೆದು ನೋಡಿದರೆ ಸಾಕು. ಮೊದಲು ಬ್ರಾಂಚ್ ಮ್ಯಾನೇಜರ್, ಆಮೇಲೆ ಅಸಿಸ್ಟೆಂಟ್ ಮ್ಯಾನೇಜರ್, ಅಲ್ಲಿಂದ ಮುಂದೆ ಸಂಬಳ ಇಳಿದ ಹಾಗೆ ಬ್ಯಾಟೂ ಇಳಿದು ಬರುತ್ತದೆ. ಅಕೌಂಟ್ಸಿನ ನಾನು ಏಳನೆಯವನು. ಅಟೆಂಡರ್ ಹುಡುಗ ಹನ್ನೊಂದನೆಯವನು. ಅವನು ಹೊಡೆದ ಚೆಂಡು ಹುಡುಕಲು ಪಕ್ಕದ ಓಣಿಗೆ ಹೋಗಬೇಕಾಗುತ್ತದೆ ಅಂತ ಅವನ ಓಣಿಯವರು ಹೇಳುತ್ತಾರೆ. ನಮ್ಮಲ್ಲಿ ಅವನ ಕೈಗೆ ಬ್ಯಾಟು ಬರುವ ಹೊತ್ತಿಗೆ ಎಂಟು ಓವರಿನ ಮ್ಯಾಚೇ ಮುಗಿದಿರುತ್ತದೆ. 'ನಾವೆಲ್ಲ ಒಂದೇ ಕುಟುಂಬ' ಅಂತ ಆಫೀಸಿನ ಗೋಡೆ ಮೇಲೆ ಬರೆದಿದೆ. ಸುಳ್ಳಲ್ಲ. ಹಿರಿಯರ ಊಟ ಆಗುವವರೆಗೆ ಉಳಿದವರು ಬಾಗಿಲಲ್ಲಿ ನಿಂತಿರುವ ಕುಟುಂಬ.

ಟೀ ಶರ್ಟ್ ಬಂದಾಗ ಇನ್ನೂ ಮಜಾ. ಕೊಹ್ಲಿಗೆ 18, ಧೋನಿಗೆ 7, ನಮಗೆ ಬೆನ್ನ ಮೇಲೆ ಎಂಪ್ಲಾಯಿ ನಂಬರ್. ನನ್ನದು 2047. ನಾನು ಓಡುವಾಗ ಹಿಂದಿನಿಂದ ನೋಡಿದವರಿಗೆ ಬೈಕಿನ ನಂಬರ್ ಪ್ಲೇಟ್ ಹೋದ ಹಾಗೆ ಕಾಣುತ್ತದಂತೆ.

ಮ್ಯಾಚ್ ಇದ್ದಿದ್ದು ಏಪ್ರಿಲ್‌ನ ಒಂದು ಭಾನುವಾರ, ಎನ್‌.ವಿ. ಮೈದಾನದಲ್ಲಿ, ಬೆಳಿಗ್ಗೆ ಆರೂವರೆಗೆ. ಏಪ್ರಿಲ್, ಮೇ ಬಂತೆಂದರೆ ನಮ್ಮ ಕಲಬುರಗಿಯಲ್ಲಿ ಸರ್ಕಾರಿ ಆಫೀಸುಗಳೇ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಗಿಸುತ್ತವೆ, ಇನ್ನು ಕ್ರಿಕೆಟ್ಟಿನ ಮಾತೇನು. ಎದುರಾಳಿ ಒಂದು ತೊಗರಿ ಬೇಳೆ ಮಿಲ್ಲಿನ ಟೀಮು. ಅವರಿಗೆ ಟೀ ಶರ್ಟೇ ಇರಲಿಲ್ಲ. ಒಬ್ಬ ಲುಂಗಿ ಮೇಲೆತ್ತಿ ಕಟ್ಟಿ ಬೌಲಿಂಗ್‌ಗೆ ನಿಂತಿದ್ದ. ಕ್ಯಾಪ್ಟನ್ ಯಾರು ಅಂತ ನೋಡಿದರೆ ಮೂಟೆ ಹೊರುವ ಹಮಾಲ, ಮಿಲ್ಲಿನ ಮಾಲೀಕರು ಬೌಂಡರಿಯಲ್ಲಿ ಫೀಲ್ಡಿಂಗ್!

ನಮ್ಮ ಮ್ಯಾನೇಜರ್ ಹತ್ತೊಂಬತ್ತು ಬಾಲ್ ತಿಂದು, ಒಂಬತ್ತು ರನ್ ಹೊಡೆದು, ಕೊನೆಗೊಂದು ಚೆಂಡನ್ನು ಮೇಲಕ್ಕೆತ್ತಿದರು. ಪಾಪ, ಮಾಲೀಕರು ಹೊಟ್ಟೆ ಹಿಡಿದುಕೊಂಡು ಓಡಿ ಬಂದರು. ಅಷ್ಟರಲ್ಲಿ ಕ್ಯಾಪ್ಟನ್ ಚೀರಿದ: "ಏ ಸಾವಕಾರ್ರೇ, ಸರೀರಿ ಕಡೀಗಿ, ನಂದದ!" ಸಾವಕಾರರು ಗಕ್ಕನೆ ನಿಂತು ಪಕ್ಕಕ್ಕೆ ಸರಿದರು. ಕ್ಯಾಚ್ ಹಿಡಿದಾಯಿತು. ನಾನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ. ನಮ್ಮಲ್ಲಿ ಮ್ಯಾನೇಜರಿಗೆ 'ಸರೀರಿ' ಅನ್ನಬೇಕಾದರೆ ಮೊದಲು ಇನ್ನೊಂದು ನೌಕರಿ ಹುಡುಕಿಟ್ಟುಕೊಂಡಿರಬೇಕು.

ಈಗ ಕ್ಯಾಚ್ ಹಿಡಿಯುವ ಸರದಿ ನಮ್ಮದು. ಅವರಿಗೆ ಎರಡು ಓವರಿನಲ್ಲಿ 14 ಬೇಕಿತ್ತು. ಲುಂಗಿಯವನು ಬೀಸಿದ, ಚೆಂಡು ಕೋಟೆಯ ಬುರುಜಿನಷ್ಟು ಎತ್ತರ ಹೋಯಿತು. ಕೆಳಗೆ ನಾವು ಮೂವರು: ಮ್ಯಾನೇಜರ್, ಅಸಿಸ್ಟೆಂಟ್ ಮ್ಯಾನೇಜರ್, ನಾನು. ನಾನು ಅಂದೆ, "ನೀವೇ ಹಿಡೀರಿ ಸರ್." ಅಸಿಸ್ಟೆಂಟ್ ಸಾಹೇಬರು, "ಇಲ್ರೀ, ಸರ್ ಅದಾರಲ್ಲ, ಸರ್ ಹಿಡೀತಾರ" ಅಂದರು. ಮ್ಯಾನೇಜರ್ ಮೇಲೆ ನೋಡುತ್ತಲೇ, "ಯಾರರೆ ಒಬ್ರು ಹಿಡೀರಿ" ಅಂದರು. ಆಫೀಸಿನಲ್ಲಿ ದಿನಾ ಕೇಳುವ ಮಾತು ಇದು, ಆ 'ಯಾರರೆ ಒಬ್ರು' ಯಾರು ಅಂತ ಇವತ್ತಿಗೂ ಗೊತ್ತಾಗಿಲ್ಲ. ಕಡೇ ಗಳಿಗೆಯಲ್ಲಿ ಮೂವರಿಗೂ ಒಟ್ಟಿಗೇ ಜವಾಬ್ದಾರಿ ಬಂತು. ಮೂರು ತಲೆ ಢಣ್ ಅಂದವು. ಚೆಂಡು ನಮ್ಮ ಮಧ್ಯೆ ಬಿದ್ದು ಎರಡು ಸಲ ಕುಣಿಯಿತು, ನನ್ನ ಕನ್ನಡಕ ಒಂದೇ ಸಲ ಬಿದ್ದು ಕಾಲು ಮುರಿದುಕೊಂಡಿತು, ಅವರು ಎರಡು ರನ್ ಓಡಿದರು.

ಮ್ಯಾನೇಜರ್ ಹಣೆ ಉಜ್ಜಿಕೊಳ್ಳುತ್ತ ಏನು ಹೇಳಿರಬಹುದು ಹೇಳಿ? "ನೋಡ್ರಿ, 2022ರ ಅಕ್ಟೋಬರ್‌ನಿಂದ ರೂಲ್ ಬದಲಾಗ್ಯಾದ. ಕ್ಯಾಚ್ ಹಿಡ್ದಿದ್ರ, ಅವ್ರು ಕ್ರಾಸ್ ಆಗಿದ್ರೂ ಹೊಸಾ ಬ್ಯಾಟ್ಸ್‌ಮನ್ನೇ ಸ್ಟ್ರೈಕ್‌ಗೆ ಬರಬೇಕಾಗ್ತಿತ್ತು." ರೂಲ್ ಸರಿಯಾಗಿಯೇ ಇತ್ತು. ಕ್ಯಾಚ್ ಒಂದು ಇರಲಿಲ್ಲ. ಲುಂಗಿಯವನು ಮುಂದಿನ ಎರಡೂ ಚೆಂಡನ್ನು ಗೋಡೆ ದಾಟಿಸಿದ. ಆಮೇಲೆ ಗೆದ್ದವರೇ ನಮ್ಮನ್ನೂ ಕರೆದು ಸುಸಲಾ, ಮಿರ್ಚಿ ಕೊಡಿಸಿದರು. ದುಡ್ಡು ಕೊಟ್ಟವರು ಸಾವಕಾರರು, ಬಡಿಸಿದವರೂ ಅವರೇ.

ಸೋಮವಾರ ಕನ್ನಡಕಕ್ಕೆ 650 ರೂಪಾಯಿ ಕ್ಲೇಮ್ ಹಾಕಿದೆ. ಫಾರ್ಮಿನಲ್ಲಿ ಇಬ್ಬರು ಸಾಕ್ಷಿಗಳ ಸಹಿ ಬೇಕು. ಅಸಿಸ್ಟೆಂಟ್ ಸಾಹೇಬರು, "ಮೊದ್ಲು ಸರ್ ಮಾಡ್ಲಿ, ಆಮ್ಯಾಲ ನಾ ಮಾಡ್ತೀನಿ" ಅಂದರು. ಮ್ಯಾನೇಜರ್, "ಫೈಲ್ ಕೆಳಗಿಂದ ಬರಬೇಕಲ್ರೀ" ಅಂದರು. ನಾನು ಫೆವಿಕ್ವಿಕ್ ಹಾಕಿದ ಕನ್ನಡಕದಲ್ಲಿ ಇದನ್ನು ಬರೆಯುತ್ತಿದ್ದೇನೆ. ಅಟೆಂಡರ್ ಹುಡುಗ ಆ ಫಾರ್ಮ್ ಹಿಡಿದು ಎರಡು ಕ್ಯಾಬಿನ್ ನಡುವೆ ಇವತ್ತೂ ಓಡಾಡುತ್ತಿದ್ದಾನೆ. ಈ ಸೀಸನ್ನಿನಲ್ಲಿ ನಮ್ಮ ಟೀಮಿಗೆ ಜಾಸ್ತಿ ರನ್ ಮಾಡಿದವನು ಅವನೇ.