ಚಾರ್ಜಿನ ಹೊರೆ

ಇಂಗ್ಲಿಷಿನ ‘ಚಾರ್ಜು’ ಹುಟ್ಟಿನಿಂದ ದುಡ್ಡಿನ ಮಾತೇ ಅಲ್ಲ, ಗಾಡಿಯದು. ಈಗಿನ ಫ್ರಾನ್ಸಿನ ಕಡೆ ಇದ್ದ ಗಾಲ್ ಜನರ ಬಂಡಿಯ ಹೆಸರನ್ನು ರೋಮನ್ನರು ‘ಕಾರ್ರುಸ್’ ಅಂತ ಲ್ಯಾಟಿನ್ನಿಗೆ ತಂದುಕೊಂಡರು. ಬಂಡಿಗೆ ಹೇರುವುದು ‘ಕಾರ್ರಿಕಾರೆ’ ಆಯಿತು. ಫ್ರೆಂಚರ ಬಾಯಲ್ಲಿ ಮೆತ್ತಗಾಗಿ ಇಂಗ್ಲಿಷಿಗೆ ಬಂದಾಗಲೂ ಅದು ಬರೀ ಹೊರೆಯೇ. ಆಮೇಲೆ ಹೊರೆ ಜವಾಬ್ದಾರಿಯಾಯಿತು, ಜವಾಬ್ದಾರಿ ಖರ್ಚಾಯಿತು, ಖರ್ಚು ಬೆಲೆಯಾಯಿತು. ಮನೆ ಕಟ್ಟಿಸಿದವರಿಗೆ, ಮದುವೆ ಮಾಡಿದವರಿಗೆ ಈ ದಾರಿಯನ್ನು ಬಿಡಿಸಿ ಹೇಳಬೇಕಿಲ್ಲ.

ಕಾರು, ಕಾರ್ಗೋ ಇದರ ದಾಯಾದಿಗಳು. ಕ್ಯಾರಿಕೇಚರ್ ಕೂಡ ಅದೇ ಮನೆಯದು: ಮೂಗಿಗೋ ಮೀಸೆಗೋ ಜಾಸ್ತಿ ಹೇರಿದ ಚಿತ್ರ. ಬಂದೂಕಿಗೆ ಮದ್ದು ತುಂಬುವುದೂ ಚಾರ್ಜೇ. 1740ರ ದಶಕದಲ್ಲಿ ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಲೈಡನ್ ಜಾಡಿಗೆ (ವಿದ್ಯುತ್ ಕೂಡಿಡುವ ಗಾಜಿನ ಜಾಡಿ) ವಿದ್ಯುತ್ ತುಂಬುವಾಗಲೂ ಇದೇ ಮಾತನ್ನು ಬಳಸಿದ. ಈಗ ಮನೆಮನೆಯಲ್ಲೂ ‘ಚಾರ್ಜಿಗೆ ಹಾಕಿದ್ಯಾ?’ ಲಾಠಿ ಚಾರ್ಜಿನ ವಿಷಯ ಬಿಡಿ, ಅದು ಬೆನ್ನಿಗೇ ಗೊತ್ತು.

ನಮ್ಮ ಪತ್ರಿಕೆಗಳಿಗೆ ಲ್ಯಾಟಿನ್ ಬೇಕಾಗಿಲ್ಲ. 2025ರ ಜನವರಿಯಲ್ಲಿ ಸರ್ಕಾರಿ ಬಸ್ಸಿನ ದರ ಶೇ 15ರಷ್ಟು ಏರಿತು. ಇಂಥ ಸುದ್ದಿಗೆ ‘ಹೊರೆ’ ಇಲ್ಲದ ತಲೆಬರಹ ಹುಡುಕುವುದೇ ಕಷ್ಟ.

ಆದರೆ ಹೋಟೆಲಿನ ‘ಪಾರ್ಸೆಲ್ ಚಾರ್ಜು’ ನನಗೆ ಈಗಲೂ ಅರಗುವುದಿಲ್ಲ. ಕೂತು ತಿಂದರೆ ಅವರು ತಟ್ಟೆ ತಂದಿಡಬೇಕು, ಎತ್ತಬೇಕು, ತೊಳೆಯಬೇಕು. ಪಾರ್ಸೆಲ್ಲಾದರೆ ಮೂರೂ ಉಳಿತಾಯ ಅಲ್ವಾ? ಇಡ್ಲಿ ಒಂದು ಡಬ್ಬಿಗೆ, ಸಾಂಬಾರ್ ಒಂದು ಕವರಿಗೆ, ಚಟ್ನಿ ಇನ್ನೊಂದಕ್ಕೆ, ಅದರ ಬಾಯಿಗೊಂದು ರಬ್ಬರ್ ಬ್ಯಾಂಡು. ಬಿಸಿ ಸಾಂಬಾರು ಎಲ್ಲಿ ಸೋರುತ್ತೋ ಅಂತ ಮನೆತನಕ ಹೊತ್ತು ತರುವವನು ನಾನು. ಚಾರ್ಜು ಕೊಡುವವನೂ ನಾನೇ!

ಮಾತಿನ ಹುಟ್ಟಿಗೆ ನಿಯತ್ತಾಗಿರುವುದು ನಮ್ಮ ಬಸ್ ಕಂಡಕ್ಟರು ಮಾತ್ರ. ತೆಂಗಿನಕಾಯಿ ಮೂಟೆಯನ್ನು ಕಾಲಿನಿಂದ ಒಮ್ಮೆ ಒತ್ತಿ ನೋಡಿ, ‘ಯಾರದಮ್ಮ ಇದು?’ ಅನ್ನುತ್ತಾರೆ. ಎಲ್ಲರೂ ಕಿಟಕಿಯಾಚೆ ನೋಡುತ್ತಾರೆ. ‘ಇಳಿಸಿಬಿಡ್ಲಾ?’ ಅಂದಾಗ ಹಿಂದಿನ ಸೀಟಿನಿಂದ ‘ಇರಪ್ಪ, ನಂದು’ ಅಂತ ಒಂದು ದನಿ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಆ ಅಮ್ಮನಿಗೆ ಪ್ರಯಾಣ ಪುಕ್ಕಟೆ. ಲಗೇಜ್ ಜಾಸ್ತಿಯಾದರೆ ಮೂಟೆಗೆ ಮಾತ್ರ ಚಾರ್ಜು.